ನಂಬದೆ ಓದುವವಳಿಗೆ

ಮಗಳೇ, ಎಂ.ಎ.ಗೆ ಸೇರಿದ ಮೇಲೆ ನೀನು ಓದುತ್ತಿರುವ ಪುಸ್ತಕಗಳ ಪಟ್ಟಿ ನೋಡಿ ಸಂತೋಷವಾಯಿತು. ಬಾದ್ಯೂ, ಅಗಾಂಬೆನ್, ಜಿಜೆಕ್, ಟೌಬೆಸ್. ಈ ತತ್ತ್ವಜ್ಞಾನಿಗಳಲ್ಲಿ ಯಾರೂ ಚರ್ಚಿನ ಪರವಾಗಿ ಮಾತಾಡುವವರಲ್ಲ. ಬಾದ್ಯೂ ಮತ್ತು ಜಿಜೆಕ್ ಅಂತೂ ತಾವು ನಾಸ್ತಿಕರೆಂದು ನೇರವಾಗಿ ಹೇಳಿಕೊಂಡವರು. ಆದರೂ ಈ ನಾಲ್ವರೂ ಹೋಗಿ ನಿಲ್ಲುವುದು ಒಂದೇ ಕಟ್ಟು ಕಾಗದದ ಮುಂದೆ: ಕ್ರಿ.ಶ. 50ರಿಂದ 60ರ ಆಸುಪಾಸಿನಲ್ಲಿ ಪೌಲನೆಂಬ ಯೆಹೂದ್ಯ ಬರೆದ ಪತ್ರಗಳು. ದೇವರಿಲ್ಲ ಎನ್ನುವವರಿಗೆ ಈ ಪತ್ರಗಳಲ್ಲಿ ಏನು ಕೆಲಸ ಎಂದು ಕೇಳಿದೆಯಲ್ಲ, ಅದಕ್ಕೆ ನನ್ನ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಕೆಲಸ ಇದೆ, ಹಕ್ಕೂ ಇದೆ. ಯಾವ ಗ್ರಂಥವೂ ಅದನ್ನು ನಂಬುವವರ ಸ್ವಂತ ಆಸ್ತಿಯಲ್ಲ. ಆದರೆ ನಂಬದೆ ಓದುವವರ ಹೊಣೆ ನಂಬಿ ಓದುವವರ ಹೊಣೆಗಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ನಂಬುವವನಿಗೆ ಸಭೆಯಿದೆ, ಪ್ರಾರ್ಥನೆಯಿದೆ, ಅಜ್ಜಂದಿರ ಕಾಲದಿಂದ ಬಂದ ವ್ಯಾಖ್ಯಾನವಿದೆ. ಅವನು ಒಂದು ಸಾಲನ್ನು ತಪ್ಪಾಗಿ ಅರ್ಥಮಾಡಿಕೊಂಡರೂ ತಿದ್ದಲು ಅಷ್ಟು ಜನ ಇದ್ದಾರೆ. ನಿನಗಿರುವುದು ಪಠ್ಯ ಒಂದೇ. ಅದರಲ್ಲೂ ಬೇಕಾದ್ದನ್ನು ಎತ್ತಿಕೊಂಡು ಬೇಡದ್ದನ್ನು ಬಿಟ್ಟು ನಡೆದರೆ ನಿನ್ನ ಕೈಯಲ್ಲಿ ಉಳಿಯುವುದು ನಿನ್ನದೇ ಅಭಿಪ್ರಾಯ, ಪೌಲ ಅಲ್ಲ.

ಆದ್ದರಿಂದ ಮೊದಲು ಪತ್ರಗಳನ್ನೇ ಓದು, ಪತ್ರಗಳೆಂದೇ ಓದು. ಬಹುಪಾಲು ವಿದ್ವಾಂಸರು ಪೌಲನದೇ ಎಂದು ಒಪ್ಪುವವು ಏಳು: ರೋಮಾಪುರದವರಿಗೆ ಬರೆದದ್ದು, ಕೊರಿಂಥದವರಿಗೆ ಬರೆದ ಎರಡು, ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ, ಥೆಸಲೋನಿಕದವರಿಗೆ ಬರೆದ ಮೊದಲನೆಯದು, ಮತ್ತೆ ಫಿಲೆಮೋನನಿಗೆ ಬರೆದ ಚಿಕ್ಕ ಪತ್ರ. ಇವು ನಾಲ್ಕು ಸುವಾರ್ತೆಗಳಿಗಿಂತಲೂ ಹಳೆಯವು. ಕ್ರೈಸ್ತರ ಬರಹಗಳಲ್ಲಿ ನಮಗೆ ಉಳಿದಿರುವ ಅತಿ ಮೊದಲಿನವು ಇವೇ. ಆಗ ಕ್ರೈಸ್ತ ಎಂಬ ಬೇರೆ ಧರ್ಮವೇ ಇರಲಿಲ್ಲ. ಯಾರದೋ ಮನೆಯಲ್ಲಿ ಸೇರುವ ಒಂದಷ್ಟು ಜನ, ಅವರೊಳಗೆ ಜಗಳ, ಅವರಿಗೊಂದು ಕಾಗದ, ಅಷ್ಟೆ. ರೋಮಾಪುರದ ಪತ್ರದ ಹದಿನಾರನೆಯ ಅಧ್ಯಾಯವನ್ನು ತತ್ತ್ವಜ್ಞಾನಿಗಳು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ನೀನು ದಾಟಬೇಡ. ಪತ್ರವನ್ನು ಕೈಯಾರೆ ಬರೆದುಕೊಂಡ ತೆರ್ತ್ಯ ಅಲ್ಲಿ ತನ್ನದೂ ಒಂದು ನಮಸ್ಕಾರ ಸೇರಿಸುತ್ತಾನೆ. ಕೆಂಖ್ರೆಯ ಫೊಯಿಬೆ ಎಂಬ ಹೆಂಗಸನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಪೌಲ ಕೇಳಿಕೊಳ್ಳುತ್ತಾನೆ. ಪತ್ರವನ್ನು ರೋಮಿಗೆ ಒಯ್ದವಳು ಅವಳೇ ಎಂದು ಹೆಚ್ಚಿನವರು ತಿಳಿಯುತ್ತಾರೆ. ಆಮೇಲೆ ಹೆಸರುಗಳ ಮೇಲೆ ಹೆಸರುಗಳು, ಗುಲಾಮರವು, ಬಿಡುಗಡೆಯಾದವರವು, ಗಂಡ ಹೆಂಡಿರವು. ಎಲ್ಲ ಮನುಷ್ಯರಿಗೂ ಹೇಳಿದ ಮಾತು ಎಂದು ಬಾದ್ಯೂ ಯಾವುದನ್ನು ಹೊಗಳುತ್ತಾರೋ ಆ ಮಾತು ಮೊದಲು ತಲುಪಿದ್ದು ಈ ಹೆಸರಿನವರ ಕಿವಿಗೆ.

ಗ್ರಂಥವನ್ನು ಹೀಗೆ ಓದುವ ದಾರಿ ತೆರೆದವನು ಸ್ಪಿನೋಜಾ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1656ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಯೆಹೂದ್ಯ ಸಮುದಾಯ ಅವನನ್ನು ಹೊರಗೆ ಹಾಕಿತು. 1670ರಲ್ಲಿ ತನ್ನ ಹೆಸರನ್ನೇ ಹಾಕದೆ, ಅಚ್ಚಾದ ಊರನ್ನೂ ಮರೆಮಾಚಿ, ಧರ್ಮಗ್ರಂಥ ಮತ್ತು ರಾಜ್ಯಾಡಳಿತದ ಬಗ್ಗೆ ಒಂದು ಪುಸ್ತಕ ಹೊರತಂದ. ಪ್ರಕೃತಿಯನ್ನು ಪ್ರಕೃತಿಯಿಂದಲೇ ತಿಳಿಯುವ ಹಾಗೆ ಗ್ರಂಥವನ್ನು ಗ್ರಂಥದಿಂದಲೇ ತಿಳಿಯಬೇಕು. ಅದರ ಭಾಷೆ ಯಾವುದು, ಬರೆದವನು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ ಬರೆದ ಎಂದು ಕೇಳಬೇಕು ಎಂದ. ಇವತ್ತು ಇದು ಸಾಮಾನ್ಯ ಮಾತಿನ ಹಾಗೆ ಕೇಳುತ್ತದೆ. ಆಗ ಜೀವಕ್ಕೆ ಅಪಾಯ ತರುವ ಮಾತು. ಅಪೊಸ್ತಲರ ಪತ್ರಗಳ ಬಗ್ಗೆ ಅವನು ಒಂದು ಸೂಕ್ಷ್ಮವನ್ನು ಕಂಡ. ಪ್ರವಾದಿಗಳು ದೇವರ ಅಪ್ಪಣೆ ಎಂದು ಸಾರುತ್ತಾರೆ, ಪೌಲ ಹಾಗಲ್ಲ, ಅವನು ವಾದ ಮಾಡುತ್ತಾನೆ, ಕಾರಣ ಕೊಡುತ್ತಾನೆ, ನೀವೇ ಯೋಚಿಸಿ ನೋಡಿ ಎನ್ನುತ್ತಾನೆ. ಅಂದರೆ ಆ ಪತ್ರಗಳನ್ನು ಬರೆದದ್ದು ಒಬ್ಬ ಬೋಧಕ. ವಾದ ಮಾಡುವವನ ಎದುರು ನಾವೂ ವಾದಕ್ಕೆ ಕೂರಬಹುದು. ತತ್ತ್ವಜ್ಞಾನಕ್ಕೆ ಪೌಲನ ಬಾಗಿಲು ತೆರೆದದ್ದು ಅಲ್ಲಿ ಎಂದು ನನಗನ್ನಿಸುತ್ತದೆ.

ಆದರೆ ಅದೇ ಪುಸ್ತಕದಲ್ಲಿ ಸ್ಪಿನೋಜಾ ಇನ್ನೊಂದು ಮಾತನ್ನೂ ಹೇಳುತ್ತಾನೆ: ಹೊಸ ಒಡಂಬಡಿಕೆಯನ್ನು ಹಳೆಯದರಷ್ಟೇ ಕೂಲಂಕಷವಾಗಿ ಪರಿಶೀಲಿಸಲು ಬೇಕಾದಷ್ಟು ಗ್ರೀಕ್ ತನಗೆ ಗೊತ್ತಿಲ್ಲ, ಆದ್ದರಿಂದ ಆ ಕೆಲಸಕ್ಕೆ ತಾನು ಕೈಹಾಕುವುದಿಲ್ಲ ಎಂದು. ಅಷ್ಟು ದೊಡ್ಡ ಬುದ್ಧಿ, ಅಷ್ಟು ಧೈರ್ಯ, ಆದರೂ ತನ್ನ ಎಲ್ಲೆ ಎಲ್ಲಿದೆ ಎಂದು ಗುರುತು ಹಾಕಿಟ್ಟ. ನೀನು ಗ್ರೀಕ್ ಕಲಿಯಲೇಬೇಕು ಎಂದು ನಾನು ಒತ್ತಾಯಿಸುವುದಿಲ್ಲ, ಕಲಿತರೆ ಒಳ್ಳೆಯದು. ಕಲಿಯುವ ತನಕ ಕನ್ನಡದ ಎರಡು ಅನುವಾದ, ಇಂಗ್ಲಿಷಿನ ಎರಡು ಅನುವಾದ ಪಕ್ಕದಲ್ಲಿಟ್ಟುಕೋ. ಅವು ಬೇರೆ ಬೇರೆ ಹೇಳುವ ಕಡೆ ನಿಲ್ಲು. ಅಲ್ಲಿ ಯಾವ ತತ್ತ್ವಜ್ಞಾನಿ ಖಚಿತವಾಗಿ ಮಾತಾಡಿದರೂ ಅವನ ಬಳಿ ಪುರಾವೆ ಕೇಳು.

ನೀಟ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1888ರಲ್ಲಿ ಬರೆದು 1895ರಲ್ಲಿ ಅಚ್ಚಾದ ಅವನ ಕ್ರಿಸ್ತವಿರೋಧಿ ಗ್ರಂಥ ಪೌಲನ ಮೇಲಿನ ದ್ವೇಷದಿಂದ ಉರಿಯುತ್ತದೆ. ಯೇಸು ಬದುಕಿ ತೋರಿಸಿದ್ದನ್ನು ಪೌಲ ಪಾಪ, ಶಿಕ್ಷೆ, ಪರಲೋಕಗಳ ಸಿದ್ಧಾಂತವಾಗಿ ಕೆಡಿಸಿದ ಎಂಬುದು ಅವನ ಆರೋಪ. ಅವನು ಲೂಥರನ್ ಪಾದ್ರಿಯ ಮಗ. ಅವನು ಕಂಡ ಪೌಲನಲ್ಲಿ ಲೂಥರನ ಅಂಶ ಬಹಳ. ಪೌಲನೊಳಗೆ ಪಾಪಪ್ರಜ್ಞೆಯಿಂದ ನರಳುವ ಒಬ್ಬ ಆಧುನಿಕ ಮನುಷ್ಯನನ್ನು ಇಟ್ಟು ಓದುವ ಆ ಅಭ್ಯಾಸವನ್ನು 1963ರಲ್ಲಿ ಕ್ರಿಸ್ಟರ್ ಸ್ಟೆಂಡಾಲ್ ಪ್ರಶ್ನಿಸಿದರು. ಪೌಲನ ಚಿಂತೆ ಅದಾಗಿರಲೇ ಇಲ್ಲ, ಯೆಹೂದ್ಯರಲ್ಲದವರು ದೇವರ ಜನರೊಳಗೆ ಹೇಗೆ ಸೇರುತ್ತಾರೆ ಎಂಬುದು ಅವನ ಚಿಂತೆ ಎಂದರು. 1977ರಲ್ಲಿ ಇ.ಪಿ. ಸ್ಯಾಂಡರ್ಸ್ ಬರೆದ ಪುಸ್ತಕ ಆ ಕಾಲದ ಯೆಹೂದ್ಯ ಧರ್ಮದ ಬಗ್ಗೆ ಕ್ರೈಸ್ತ ವಿದ್ವಾಂಸರು ಕಟ್ಟಿಕೊಂಡಿದ್ದ ಚಿತ್ರವನ್ನೇ ಬುಡಮೇಲು ಮಾಡಿತು. ನೀಟ್ಷೆಯನ್ನು ಓದು, ಅವನ ಕಣ್ಣು ಹರಿತ. ಈ ಇಬ್ಬರನ್ನು ಓದದೆ ಮಾತ್ರ ಅವನನ್ನು ನಂಬಬೇಡ.

ಈಗ ಬಾದ್ಯೂ. ನಿನ್ನ ಮನಸ್ಸು ಹೆಚ್ಚು ಕದ್ದವರು ಅವರೇ ಎಂದು ನಿನ್ನ ಮಾತಿನಲ್ಲೇ ಗೊತ್ತಾಗುತ್ತದೆ. ಪೌಲನ ಬಗ್ಗೆ 1997ರಲ್ಲಿ ಬಂದ ತೆಳ್ಳನೆಯ ಪುಸ್ತಕದ ಆರಂಭದಲ್ಲೇ ಅವರು ತಮ್ಮ ಅಜ್ಜ ಅಜ್ಜಿಯರು ನಾಲ್ವರೂ ಶಾಲೆಯ ಮೇಷ್ಟ್ರುಗಳೆಂದು, ಧರ್ಮದ ಸೋಂಕಿಲ್ಲದ ಮನೆತನ ತಮ್ಮದೆಂದು ಹೇಳಿಕೊಳ್ಳುತ್ತಾರೆ. ಸತ್ತವನು ಎದ್ದು ಬಂದ ಎಂಬ ಸುದ್ದಿ ಅವರಿಗೆ ಕಟ್ಟುಕತೆಯೇ. ಆದರೆ ಆ ಸುದ್ದಿಗೆ ಒಬ್ಬ ಮನುಷ್ಯ ನಿಷ್ಠನಾಗಿ ನಿಂತ ರೀತಿ ಅವರಿಗೆ ಕಟ್ಟುಕತೆಯಲ್ಲ. ಲೋಕದ ಲೆಕ್ಕಾಚಾರಕ್ಕೆ ಸಿಗದ ಒಂದು ಘಟನೆ ನಡೆಯುತ್ತದೆ. ಅದನ್ನು ನಂಬಿದವನು ಆ ನಂಬಿಕೆಯಿಂದಲೇ ಹೊಸ ಮನುಷ್ಯನಾಗುತ್ತಾನೆ. ಅವನು ಸಾರುವ ಸತ್ಯ ಒಂದು ಕುಲಕ್ಕೋ ಒಂದು ಊರಿಗೋ ಸೇರದೆ ಎಲ್ಲರಿಗೂ ಸೇರುತ್ತದೆ. ಕ್ರಾಂತಿಯಲ್ಲಿ, ವಿಜ್ಞಾನದಲ್ಲಿ, ಕಲೆಯಲ್ಲಿ, ಪ್ರೇಮದಲ್ಲಿ ಇದೇ ನಡೆಯುತ್ತದೆ ಎಂಬುದು ಅವರ ತತ್ತ್ವ. 1990ರ ದಶಕದ ಫ್ರಾನ್ಸಿನಲ್ಲಿ ವಲಸಿಗರ ವಿರುದ್ಧ ಕಾನೂನುಗಳು ಬರುತ್ತಿದ್ದವು, ಫ್ರಾನ್ಸ್ ಫ್ರೆಂಚರಿಗೆ ಮಾತ್ರ ಎನ್ನುವ ಪಕ್ಷ ಬೆಳೆಯುತ್ತಿತ್ತು. ಯೆಹೂದ್ಯ ಗ್ರೀಕ ಎಂಬ ಭೇದ ಇನ್ನಿಲ್ಲ ಎಂದ ಪೌಲ ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಲ್ಲ.

ಇದರಲ್ಲಿ ದೊಡ್ಡದೊಂದು ಸತ್ಯ ಇದೆ, ಅದನ್ನು ಬಿಟ್ಟುಕೊಡಬೇಡ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ತೆಗೆದು ನೋಡು. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದರು. ಪೇತ್ರ ಹೆದರಿ ಪಂಕ್ತಿಯಿಂದ ಹಿಂದೆ ಸರಿದ, ಅವನನ್ನು ನೋಡಿ ಉಳಿದವರೂ ಸರಿದರು. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಯೇಸುವನ್ನು ಕಣ್ಣಾರೆ ಕಂಡು ಅವನ ಜೊತೆ ಓಡಾಡಿದ ಹಿರಿಯ ಪೇತ್ರ. ಯೇಸುವನ್ನು ಜೀವಂತ ನೋಡಿಯೇ ಇರದ, ಅವನ ಅನುಯಾಯಿಗಳನ್ನು ಹಿಂದೆ ಬೆನ್ನಟ್ಟಿ ಕಾಡಿದ್ದ ಪೌಲ. ಆದರೂ ಆ ಕ್ಷಣದಲ್ಲಿ ಪೌಲನಿಗೆ ಅನುಮಾನವಿಲ್ಲ. ಕೊರಿಂಥದಲ್ಲೂ ಇದೇ ವಿಷಯ. ಪ್ರಭುಭೋಜನ ಎಂದು ಸೇರಿದ ಕಡೆ ಉಳ್ಳವರು ತಮ್ಮ ಬುತ್ತಿ ಬಿಚ್ಚಿ ಮೊದಲೇ ಉಂಡು ಕುಡಿದು ಅಮಲೇರಿದ್ದಾರೆ, ಇಲ್ಲದವರು ಹಸಿದು ಕೂತಿದ್ದಾರೆ. ಮೊದಲನೆಯ ಕೊರಿಂಥ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲನಿಗೆ ಬರುವ ಸಿಟ್ಟು ನೋಡು. ಜೊತೆಗೆ ಕೂತು ಉಣ್ಣುವುದು, ಜೊತೆಗೆ ಉಣ್ಣದಿರುವುದು ಎಂದರೆ ಏನೆಂದು ನಮ್ಮ ದೇಶದಲ್ಲಿ ಹುಟ್ಟಿದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಪ್ಯಾರಿಸಿನ ಓದುಗ ಬೇಗ ದಾಟಿಹೋಗುವ ಈ ಸಾಲುಗಳ ಮುಂದೆ ನೀನು ಹೆಚ್ಚು ಹೊತ್ತು ನಿಲ್ಲಬಲ್ಲೆ. ಸಮಾನತೆ ಅವನ ಪತ್ರಗಳಲ್ಲಿ ಬರೀ ತತ್ತ್ವವಾಗಿ ಉಳಿಯಲಿಲ್ಲ, ಯಾರ ಪಕ್ಕ ಯಾರು ಕೂತು ಉಣ್ಣಬೇಕು ಎಂಬ ಜಗಳವಾಗಿ ಬಂತು. ನನಗೆ ಬಾದ್ಯೂ ಬರೆದ ಪುಟಗಳಿಗಿಂತ ಈ ಎರಡು ಅಧ್ಯಾಯಗಳು ಹೆಚ್ಚು ಹೇಳುತ್ತವೆ.

ಆದರೆ ಇನ್ನೊಂದು ಬದಿಯನ್ನೂ ಕೇಳು. ಡೇನಿಯಲ್ ಬೊಯಾರಿನ್ ತಾಲ್ಮುಡ್ ವಿದ್ವಾಂಸರು, ಧರ್ಮಾಚರಣೆ ಬಿಡದ ಯೆಹೂದ್ಯರು. ಬಾದ್ಯೂಗಿಂತ ಮೊದಲೇ, 1994ರಲ್ಲಿ, ಅವರು ಪೌಲನ ಬಗ್ಗೆ ಬರೆದರು. ಎಲ್ಲರೂ ಒಂದೇ ಎನ್ನುವ ಮಾತು ಎಷ್ಟು ಉದಾರವೋ ಅಷ್ಟೇ ಭಾರವಾದದ್ದು ಎಂದು ಅವರು ತೋರಿಸುತ್ತಾರೆ. ಎಲ್ಲರೂ ಒಂದೇ, ಸರಿ. ಹಾಗಾದರೆ ಯೆಹೂದ್ಯ ಯೆಹೂದ್ಯನಾಗಿ ಉಳಿಯಬಹುದೆ? ಅವನ ಸುನ್ನತಿ, ಅವನ ಸಬ್ಬತ್ತು, ಅವನ ಊಟದ ನಿಯಮ ಏನಾಗಬೇಕು? ಭೇದ ಅಳಿಯಲಿ ಎನ್ನುವ ಕರೆಯಲ್ಲಿ ಯಾರು ತಮ್ಮ ಭೇದವನ್ನು ಬಿಡಬೇಕಾಗುತ್ತದೆ, ಯಾರು ಇದ್ದ ಹಾಗೇ ಇರಬಹುದು? ಬೊಯಾರಿನ್ ಒಂದೇ ಕಡೆಗೆ ವಾಲುವವರಲ್ಲ. ನಾವು ನಾವೇ ಎಂದು ಮುಚ್ಚಿಕೊಂಡ ಸಮುದಾಯದ ಕೈಗೆ ಅಧಿಕಾರ ಬಂದಾಗ ಆಗುವ ಅನ್ಯಾಯವನ್ನೂ ಅವರು ಅಷ್ಟೇ ಕಟುವಾಗಿ ಹೇಳುತ್ತಾರೆ. ಪೌಲನ ಪ್ರಶ್ನೆ ದೊಡ್ಡದು, ಅವನ ಉತ್ತರಕ್ಕೆ ಬೆಲೆ ತೆತ್ತವರಿದ್ದಾರೆ ಎಂಬುದು ಅವರ ನಿಲುವು. ನಿನ್ನ ಪ್ರಬಂಧದಲ್ಲಿ ಬಾದ್ಯೂಗೆ ಒಂದು ಅಧ್ಯಾಯ ಕೊಡುವೆಯಾದರೆ ಬೊಯಾರಿನ್‌ಗೂ ಅಷ್ಟೇ ಜಾಗ ಕೊಡು. 2005ರಲ್ಲಿ ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯ ಬಾದ್ಯೂ, ಜಿಜೆಕ್ ಅವರನ್ನೂ ಬೊಯಾರಿನ್, ಸ್ಯಾಂಡರ್ಸ್, ಪೌಲಾ ಫ್ರೆಡ್ರಿಕ್ಸನ್ ಅವರನ್ನೂ ಒಂದೇ ಸಭೆಗೆ ಕರೆಸಿತ್ತು. ಅಲ್ಲಿನ ಉಪನ್ಯಾಸಗಳು 2009ರಲ್ಲಿ ಪುಸ್ತಕವಾಗಿ ಬಂದಿವೆ. ಚರಿತ್ರೆ ಓದಿದವರೂ ತತ್ತ್ವ ಓದಿದವರೂ ಎದುರುಬದುರು ಕೂತಾಗ ಇಬ್ಬರ ಮಾತಿನಲ್ಲೂ ಎಷ್ಟು ಎಚ್ಚರ ಬರುತ್ತದೆ ಎಂದು ಆ ಪುಸ್ತಕದಲ್ಲಿ ನೋಡಬಹುದು.

ಈ ಬೆಲೆಯ ಮಾತನ್ನು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲಿ ಮೈಮರೆತರೆ ಓದು ಅಪರಾಧಕ್ಕೆ ಜೊತೆಯಾಗುತ್ತದೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಪೌಲನನ್ನು ಎತ್ತಿಹಿಡಿದು, ಯೆಹೂದ್ಯರ ಗ್ರಂಥವನ್ನು ಪೂರ್ತಿ ಕೈಬಿಡಬೇಕು ಎಂದ. ಸಭೆ ಅವನನ್ನು ತಿರಸ್ಕರಿಸಿತು. 1920ರ ದಶಕದ ಆರಂಭದಲ್ಲಿ ಜರ್ಮನಿಯ ಬಹುದೊಡ್ಡ ವಿದ್ವಾಂಸ ಆಡಾಲ್ಫ್ ಫಾನ್ ಹಾರ್ನಾಕ್ ಈ ಮಾರ್ಸಿಯನ್ ಬಗ್ಗೆ ಗ್ರಂಥ ಬರೆದು, ಈ ಕಾಲದಲ್ಲೂ ಹಳೆಯ ಒಡಂಬಡಿಕೆಯನ್ನು ಪವಿತ್ರಗ್ರಂಥವಾಗಿ ಉಳಿಸಿಕೊಂಡಿರುವುದು ಪ್ರೊಟೆಸ್ಟಂಟ್ ಸಭೆಯ ಜಡತೆ ಎಂಬ ಅರ್ಥದ ಮಾತಾಡಿದರು. ಅವರದು ವಿದ್ವತ್ತಿನ ಮಾತು. ಆದರೆ 1939ರಲ್ಲಿ ಐಸೆನಾಖ್ ಊರಿನಲ್ಲಿ ಜರ್ಮನ್ ಸಭೆಗಳ ಬದುಕಿನಿಂದ ಯೆಹೂದ್ಯ ಪ್ರಭಾವವನ್ನು ಅಳಿಸಲೆಂದೇ ಒಂದು ಸಂಸ್ಥೆ ಹುಟ್ಟಿಕೊಂಡಿತು. 1940ರಲ್ಲಿ ಅದು ಯೆಹೂದ್ಯ ಗುರುತುಗಳನ್ನು ಕಿತ್ತುಹಾಕಿದ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿತು. ಹೊರಗೆ ಯೆಹೂದ್ಯರ ಮನೆಮಠಗಳು ನಾಶವಾಗುತ್ತಿದ್ದವು, ಒಳಗೆ ಪ್ರೊಫೆಸರುಗಳು ಗ್ರಂಥದಿಂದ ಅವರ ಹೆಸರು ಅಳಿಸುತ್ತಿದ್ದರು.

ಹೈಡೆಗರ್ ಅವರನ್ನು ಓದುವಾಗಲೂ ಇದು ನೆನಪಿರಲಿ. 1920-21ರ ಚಳಿಗಾಲದಲ್ಲಿ ಫ್ರೈಬುರ್ಗ್‌ನಲ್ಲಿ ಅವರು ಗಲಾತ್ಯ, ಥೆಸಲೋನಿಕ ಪತ್ರಗಳ ಮೇಲೆ ಪಾಠ ಹೇಳಿದರು. ಬರೀ ವಿಧಾನದ ಚರ್ಚೆ ನಡೆಯುತ್ತಿದೆ, ಧರ್ಮದ ವಿಷಯವೇ ಬರುತ್ತಿಲ್ಲ ಎಂದು ವಿದ್ಯಾರ್ಥಿಗಳು ದೂರಿದ ಮೇಲೆ ಪೌಲನ ಪಠ್ಯಕ್ಕೆ ನೇರ ಇಳಿದರಂತೆ. ಪ್ರಭು ಬರುವ ದಿನ ಯಾವಾಗ ಎಂಬುದಲ್ಲ, ಬರುವುದನ್ನು ಕಾಯುವ ಜನ ಇವತ್ತು ಹೇಗೆ ಬದುಕುತ್ತಾರೆ ಎಂಬುದೇ ಪೌಲನ ಕಾಲಪ್ರಜ್ಞೆ ಎಂದು ತೋರಿಸಿದ ಆ ಪಾಠ ನಿಜಕ್ಕೂ ದೊಡ್ಡದು. ಅವರ ಮುಂದಿನ ಮಹಾಗ್ರಂಥದ ಬೇರುಗಳಲ್ಲಿ ಒಂದು ಅಲ್ಲಿದೆ. ಆದರೆ ಆ ಪೌಲ ಯೆಹೂದ್ಯನಾಗಿ ಕಾಣುವುದು ಬಹಳ ಕಡಿಮೆ. ಪಾಠ ಹೇಳಿದವರು 1933ರಲ್ಲಿ ನಾತ್ಸಿ ಪಕ್ಷ ಸೇರಿದರು. ಒಂದು ಇನ್ನೊಂದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ತಿಳಿದುಕೊಂಡು ಓದು ಎನ್ನುತ್ತೇನೆ.

ಈ ಎಲ್ಲರ ನಡುವೆ ನನ್ನ ಹೃದಯಕ್ಕೆ ಹತ್ತಿರದವರು ಯಾಕೋಬ್ ಟೌಬೆಸ್. 1923ರಲ್ಲಿ ವಿಯೆನ್ನಾದಲ್ಲಿ ರಬ್ಬಿಗಳ ಮನೆತನದಲ್ಲಿ ಹುಟ್ಟಿದವರು, ತಾವೂ ರಬ್ಬಿ ಪದವಿ ಪಡೆದವರು, ಬರ್ಲಿನ್ನಿನಲ್ಲಿ ಪಾಠ ಹೇಳಿದವರು. 1987ರ ಫೆಬ್ರವರಿಯಲ್ಲಿ, ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿದ್ದಾಗ, ಹೈಡೆಲ್‌ಬರ್ಗ್‌ಗೆ ಹೋಗಿ ರೋಮಾಪುರದ ಪತ್ರದ ಮೇಲೆ ಉಪನ್ಯಾಸ ಕೊಟ್ಟರು. ಮಾರ್ಚಿನಲ್ಲಿ ತೀರಿಕೊಂಡರು. ಧ್ವನಿಮುದ್ರಿಕೆಯಿಂದ ಇಳಿಸಿಕೊಂಡ ಆ ಮಾತುಗಳು 1993ರಲ್ಲಿ ಪುಸ್ತಕವಾದವು. ಬರೆದ ಪುಸ್ತಕದ ಅಚ್ಚುಕಟ್ಟು ಅದರಲ್ಲಿಲ್ಲ. ಹೇಳಲೇಬೇಕಾದ್ದನ್ನು ಇರುವಷ್ಟು ಸಮಯದಲ್ಲಿ ಹೇಳಿಬಿಡುವವನ ಅವಸರವಿದೆ.

ಟೌಬೆಸ್ ಪೌಲನನ್ನು ಯೆಹೂದ್ಯರ ಕೈಗೆ ಮರಳಿ ಕೊಡುತ್ತಾರೆ. ಸಾಮ್ರಾಜ್ಯದ ರಾಜಧಾನಿಗೇ ಬರೆದ ಪತ್ರದ ಮೊದಲ ವಾಕ್ಯದಲ್ಲೇ, ಚಕ್ರವರ್ತಿಗೆ ಸಲ್ಲುವ ಬಿರುದುಗಳನ್ನು ಶಿಲುಬೆಗೆ ಹಾಕಿಸಿಕೊಂಡ ಒಬ್ಬನಿಗೆ ಕೊಡುವುದು ಕೈಸರನ ವಿರುದ್ಧ ಹೂಡಿದ ಸಮರ ಎನ್ನುತ್ತಾರೆ. ಆಮೇಲೆ ಒಂಬತ್ತನೆಯ ಅಧ್ಯಾಯಕ್ಕೆ ಬರುತ್ತಾರೆ. ನನ್ನ ಜನರಿಗಾಗಿ ನಾನೇ ಶಾಪಗ್ರಸ್ತನಾಗಲೂ ಸಿದ್ಧ ಎಂಬರ್ಥದ ಮಾತನ್ನು ಪೌಲ ಅಲ್ಲಿ ಆಡುತ್ತಾನೆ. ವಿಮೋಚನಕಾಂಡದ ಮೂವತ್ತೆರಡನೆಯ ಅಧ್ಯಾಯದಲ್ಲಿ, ಚಿನ್ನದ ಕರುವನ್ನು ಪೂಜಿಸಿದ ಜನರನ್ನು ಕ್ಷಮಿಸು, ಇಲ್ಲವಾದರೆ ನನ್ನ ಹೆಸರನ್ನೂ ಅಳಿಸಿಬಿಡು ಎಂದು ಮೋಶೆ ದೇವರೊಡನೆ ಹಟ ಹಿಡಿಯುವುದನ್ನು ಟೌಬೆಸ್ ಅದರ ಪಕ್ಕದಲ್ಲಿಡುತ್ತಾರೆ. ಹಾಗೆ ಓದಿದಾಗ ಪೌಲ ತನ್ನ ಜನರನ್ನು ತೊರೆದು ಹೋದವನಾಗಿ ಕಾಣುವುದಿಲ್ಲ. ಮೋಶೆ ನಿಂತ ಜಾಗದಲ್ಲಿ ಮೋಶೆಯ ಸಂಕಟ ಹೊತ್ತು ನಿಂತವನಾಗಿ ಕಾಣುತ್ತಾನೆ. ಬಾದ್ಯೂ ಅವರ ಪುಸ್ತಕದಲ್ಲಿ ನನಗೆ ಸಿಗದ ಸಂಕಟ ಇದು. ಇನ್ನೂ ಒಂದು ಸಂಗತಿ. ನಾತ್ಸಿಗಳಿಗೆ ಕಾನೂನಿನ ಬೆಂಬಲ ಕೊಟ್ಟ ಕಾರ್ಲ್ ಶ್ಮಿಟ್ ಅವರ ಮನೆಗೇ ಟೌಬೆಸ್ ಹೋಗಿ, ಇಬ್ಬರೂ ಕೂತು ರೋಮಾಪುರದ ಪತ್ರದ ಒಂಬತ್ತರಿಂದ ಹನ್ನೊಂದನೆಯ ಅಧ್ಯಾಯಗಳನ್ನು ಓದಿದರು. ಯೆಹೂದ್ಯರನ್ನು ವೈರಿಗಳು ಎನ್ನುವ ಒಂದು ಮಾತು ಅಲ್ಲಿದೆ. ಅದೇ ವಾಕ್ಯದಲ್ಲಿ ಅವರು ಪ್ರಿಯರು ಎಂಬ ಮಾತೂ ಇದೆ. ಶ್ಮಿಟ್ ಪರಂಪರೆ ಮೊದಲರ್ಧದಲ್ಲೇ ನಿಂತುಬಿಟ್ಟಿತು ಎಂದು ಟೌಬೆಸ್ ಶ್ಮಿಟ್ ಎದುರಿಗೇ ತೋರಿಸಿಕೊಟ್ಟರು. ವಾಕ್ಯವನ್ನು ಕೊನೆಯವರೆಗೆ ಓದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ ಮಗಳೇ. ಅರ್ಧ ವಾಕ್ಯದಲ್ಲಿ ನಿಂತವರು ಏನು ಮಾಡಿದರೆಂದು ಇಪ್ಪತ್ತನೆಯ ಶತಮಾನ ಕಂಡಿದೆ.

ಅಗಾಂಬೆನ್ ತಮ್ಮ ಪುಸ್ತಕವನ್ನು ಟೌಬೆಸ್ ನೆನಪಿಗೆ ಅರ್ಪಿಸಿದ್ದಾರೆ. 2000ದಲ್ಲಿ ಬಂದ ಆ ಪುಸ್ತಕ ರೋಮಾಪುರದ ಪತ್ರದ ಮೊದಲ ಹತ್ತು ಪದಗಳ ಸುತ್ತಲೇ ಕಟ್ಟಿಕೊಂಡಿದೆ. ಅಷ್ಟು ತಾಳ್ಮೆಯ ಓದನ್ನು ನೀನು ಕಲಿಯಬೇಕು. ಅವರು ಹೆಚ್ಚು ಬೆಳಕು ಚೆಲ್ಲುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದ ಮೇಲೆ. ಹೆಂಡತಿಯುಳ್ಳವರು ಇಲ್ಲದವರಂತೆ, ಅಳುವವರು ಅಳದವರಂತೆ, ಕೊಂಡವರು ತಮ್ಮದೇನೂ ಇಲ್ಲದವರಂತೆ ಇರಬೇಕೆಂದು ಪೌಲ ಅಲ್ಲಿ ಹೇಳುತ್ತಾನೆ. ಇದ್ದ ಸ್ಥಿತಿಯಲ್ಲೇ ಇದ್ದು, ಆ ಸ್ಥಿತಿ ನಮ್ಮನ್ನು ಆಳದ ಹಾಗೆ ಬದುಕುವುದು, ಯಾವುದನ್ನೂ ಒಡೆತನವಾಗಿ ಹಿಡಿಯದೆ ಬಳಸುವುದು ಎಂದು ಅಗಾಂಬೆನ್ ಬಿಡಿಸುತ್ತಾರೆ. ಇಲ್ಲಿ ನಿನಗೊಂದು ಎಚ್ಚರಿಕೆ. ಇದನ್ನು ಓದುತ್ತಿದ್ದಂತೆ ನಿನ್ನ ಬಾಯಿಗೆ ಗೀತೆಯ ನಿಷ್ಕಾಮಕರ್ಮ ಬರುತ್ತದೆ, ಕೆಸರಿನ ಕಮಲ ಬರುತ್ತದೆ. ಇದು ನಮ್ಮಲ್ಲೂ ಇದೆ ಎಂದು ಬರೆದುಬಿಡುವುದು ಸುಲಭ, ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ತಡೆದುಕೋ. ಪೌಲ ಹಾಗೆ ಹೇಳುವುದು ಆತ್ಮ ಕರ್ಮಕ್ಕೆ ಅಂಟದು ಎಂಬ ಕಾರಣಕ್ಕಲ್ಲ. ಕಾಲ ಕುಗ್ಗಿದೆ, ಈ ಲೋಕದ ರೂಪ ಕಳಚಿ ಹೋಗುತ್ತಿದೆ, ತನ್ನ ಜೀವಮಾನದೊಳಗೇ ಕೊನೆ ಬರಬಹುದು ಎಂದು ಅವನು ನಂಬಿದ್ದ. ಆ ಅವಸರವನ್ನು ತೆಗೆದರೆ ಅವನ ಮಾತೇ ಬೇರೆಯಾಗುತ್ತದೆ. ಹೋಲಿಕೆ ಮಾಡಬೇಡ ಎನ್ನುತ್ತಿಲ್ಲ. ಎಲ್ಲಿ ಹೋಲುವುದಿಲ್ಲ ಎಂದು ಮೊದಲು ಬರೆ.

ಅನುಕೂಲವಿಲ್ಲದ ಅಧ್ಯಾಯಗಳನ್ನು ಬಿಟ್ಟು ಹೋಗಬೇಡ. ಪೌಲನನ್ನು ಕ್ರಾಂತಿಕಾರಿ ಎಂದು ಬರೆಯಹೊರಟವಳಿಗೆ ರೋಮಾಪುರದ ಪತ್ರದ ಹದಿಮೂರನೆಯ ಅಧ್ಯಾಯ ಅಡ್ಡ ಬರುತ್ತದೆ. ಅಧಿಕಾರದಲ್ಲಿರುವವರಿಗೆ ತಲೆಬಾಗಿ ಎಂದು ಅಲ್ಲಿದೆ. ದಕ್ಷಿಣ ಆಫ್ರಿಕದ ವರ್ಣಭೇದದ ಸರ್ಕಾರವೂ ಅದನ್ನೇ ಆಧಾರ ಮಾಡಿಕೊಂಡಿತು. 1985ರಲ್ಲಿ ಅಲ್ಲಿನ ಕ್ರೈಸ್ತ ಚಿಂತಕರೇ ಕೈರೋಸ್ ಎಂಬ ಹೇಳಿಕೆ ಹೊರಡಿಸಿ ಆ ಬಳಕೆಯನ್ನು ಖಂಡಿಸಿದರು.

ಇನ್ನೊಬ್ಬರನ್ನು ನಿನಗೆ ಪರಿಚಯಿಸಬೇಕು. ನಿನ್ನ ಪಟ್ಟಿಯಲ್ಲಿ ಅವರಿಲ್ಲ, ಯಾಕೆಂದರೆ ಅವರು ಧರ್ಮಬೋಧಕರು. ಹೋವರ್ಡ್ ಥರ್ಮನ್ ಅಮೆರಿಕದ ಕರಿಯ ಚಿಂತಕರು, 1936ರಲ್ಲಿ ನಮ್ಮ ದೇಶಕ್ಕೆ ಬಂದು ಗಾಂಧೀಜಿಯನ್ನು ಕಂಡವರು. 1949ರ ತಮ್ಮ ಪುಸ್ತಕದಲ್ಲಿ ಅಜ್ಜಿಯ ವಿಷಯ ಹೇಳುತ್ತಾರೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಮೊಮ್ಮಗನಿಂದ ಬೈಬಲ್ ಓದಿಸಿಕೊಳ್ಳುತ್ತಿದ್ದಳು, ಆದರೆ ಪೌಲನ ಪತ್ರಗಳನ್ನು ಓದಗೊಡುತ್ತಿರಲಿಲ್ಲ. ಪ್ರೀತಿಯ ಬಗ್ಗೆ ಇರುವ ಮೊದಲನೆಯ ಕೊರಿಂಥ ಪತ್ರದ ಹದಿಮೂರನೆಯ ಅಧ್ಯಾಯ ಮಾತ್ರ ಆಗೊಮ್ಮೆ ಈಗೊಮ್ಮೆ. ದೊಡ್ಡವರಾದ ಮೇಲೆ ಥರ್ಮನ್ ಕಾರಣ ಕೇಳಿದರು. ಧಣಿಯ ಪಾದ್ರಿ ಬಂದಾಗಲೆಲ್ಲ ಗುಲಾಮರು ಒಡೆಯರಿಗೆ ವಿಧೇಯರಾಗಿರಬೇಕು ಎನ್ನುವ ಪೌಲನ ಹೆಸರಿನ ಮಾತನ್ನೇ ಬೋಧಿಸುತ್ತಿದ್ದ. ಬಿಡುಗಡೆ ಸಿಕ್ಕರೆ ಆ ಭಾಗವನ್ನು ಮುಟ್ಟುವುದಿಲ್ಲ ಎಂದು ಅವಳು ದೇವರಿಗೆ ಮಾತು ಕೊಟ್ಟಿದ್ದಳು. ಆ ವಿಧೇಯತೆಯ ಮಾತು ಇರುವ ಎಫೆಸ, ಕೊಲೊಸ್ಸೆ ಪತ್ರಗಳು ಪೌಲನವೇ ಅಲ್ಲ ಎಂದು ಇವತ್ತಿನ ವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ. ಅದು ನಿನಗೆ ಗೊತ್ತಿರಬೇಕು. ಆ ಅಜ್ಜಿಯ ಬೆನ್ನಿಗೆ ಮಾತ್ರ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ ಎಂಬುದೂ ಗೊತ್ತಿರಬೇಕು. ಪೌಲನ ಮೇಲೆ ಬರೆದ ಯಾವ ದಾರ್ಶನಿಕರ ತೀರ್ಪಿಗಿಂತಲೂ ಆಕೆಯ ತೀರ್ಪು ನನಗೆ ಹಗುರವಾಗಿ ಕಾಣುವುದಿಲ್ಲ. ಪಠ್ಯಕ್ಕೆ ಏನರ್ಥ ಎಂದು ಕೇಳುವಾಗ, ಅದನ್ನು ಯಾರ ಮೇಲೆ ಪ್ರಯೋಗಿಸಿದರು ಎಂದೂ ಕೇಳು.

ಹಾಗೆಯೇ ಈ ಪತ್ರಗಳನ್ನು ಇಂದಿಗೂ ದೇವರ ಮಾತೆಂದು ಕೇಳುವವರನ್ನು ಮರೆಯಬೇಡ. ನಿನ್ನ ತರಗತಿಯಲ್ಲೇ ಭಾನುವಾರದ ಆರಾಧನೆಗೆ ಹೋಗಿಬರುವವರು ಇರುತ್ತಾರೆ. ಪುನರುತ್ಥಾನ ಕಟ್ಟುಕತೆ ಎಂದು ಬಾದ್ಯೂ ಬರೆದದ್ದನ್ನು ಅವರ ಎದುರು ಗೆಲುವಿನ ದನಿಯಲ್ಲಿ ಓದಬೇಡ. ಅವರೊಡನೆ ಕೂತು ಒಂದು ಅಧ್ಯಾಯ ಓದು, ಅವರಿಗೆ ಅದರಲ್ಲಿ ಏನು ಕೇಳಿಸುತ್ತದೆ ಎಂದು ವಿಚಾರಿಸು. ನಿನಗೆ ಒಪ್ಪಿಗೆಯಾಗದಿರಬಹುದು, ಆದರೆ ಪಠ್ಯದ ಒಂದು ಪದರ ಅವರಿಂದ ಮಾತ್ರ ನಿನಗೆ ತಿಳಿಯುತ್ತದೆ. ಹಾನ್ನಾ ಅರೆಂಟ್ ಹೀಗೆ ಗೌರವದಿಂದ ಓದಿದವರು. ಮನುಷ್ಯರ ಸಾರ್ವಜನಿಕ ಬದುಕಿನಲ್ಲಿ ಕ್ಷಮೆಗೆ ಇರುವ ಪಾತ್ರವನ್ನು ಕಂಡುಹಿಡಿದವನು ನಜರೇತಿನ ಯೇಸು ಎಂದು 1958ರ ಗ್ರಂಥದಲ್ಲಿ ಬರೆದರು. ಅದನ್ನು ಧಾರ್ಮಿಕ ಭಾಷೆಯಲ್ಲಿ ಹೇಳಲಾಗಿದೆ ಎಂಬ ಕಾರಣಕ್ಕೆ ಲೌಕಿಕ ಚಿಂತನೆ ಕಡೆಗಣಿಸಬಾರದು ಎಂದರು. ನಂಬಿಕೆಯನ್ನು ಎರವಲು ಪಡೆಯಲಿಲ್ಲ, ಲೇವಡಿಯನ್ನೂ ಮಾಡಲಿಲ್ಲ. ಆ ಹದ ನಿನಗೆ ಸಿಗಲಿ.

ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀಯ. ರೋಮಾಪುರದಿಂದ ಬೇಡ, ಫಿಲೆಮೋನನಿಂದ ಶುರುಮಾಡು. 25 ವಚನಗಳ ಪತ್ರ, ಕಾಫಿ ಕುಡಿಯುವಷ್ಟರಲ್ಲಿ ಓದಿ ಮುಗಿಯುತ್ತದೆ. ಪೌಲ ಮುದುಕನಾಗಿದ್ದಾನೆ, ಸೆರೆಯಲ್ಲಿದ್ದಾನೆ. ಒನೇಸಿಮನೆಂಬ ಗುಲಾಮನನ್ನು ಅವನ ಒಡೆಯ ಫಿಲೆಮೋನನ ಬಳಿಗೆ ಈ ಕಾಗದ ಕೊಟ್ಟು ಕಳಿಸುತ್ತಿದ್ದಾನೆ. ಅವನನ್ನು ಗುಲಾಮನಾಗಿ ಅಲ್ಲ, ಅದಕ್ಕಿಂತ ಮೇಲಾಗಿ, ಪ್ರಿಯ ತಮ್ಮನಾಗಿ ಬರಮಾಡಿಕೋ ಎನ್ನುತ್ತಾನೆ. ಅವನಿಂದ ನಷ್ಟವಾಗಿದ್ದರೆ, ಸಾಲವಿದ್ದರೆ, ನನ್ನ ಲೆಕ್ಕಕ್ಕೆ ಹಾಕು, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆಯುತ್ತಾನೆ. ಆದರೆ ಬಿಡುಗಡೆ ಮಾಡು ಎಂದು ಬಾಯಿಬಿಟ್ಟು ಎಲ್ಲಿಯೂ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕು ಎನ್ನುವವರೂ ಗುಲಾಮಗಿರಿ ತೊಲಗಲಿ ಎನ್ನುವವರೂ ಇದೇ ಪತ್ರವನ್ನು ಸಾಕ್ಷಿಗೆ ಎಳೆದರು. ಗುಲಾಮ ಸ್ವತಂತ್ರ ಎಂಬ ಭೇದವಿಲ್ಲ ಎಂದು ಗಲಾತ್ಯದವರಿಗೆ ಬರೆದ ಅದೇ ಮನುಷ್ಯ, ಹೆಸರುಳ್ಳ ಒಬ್ಬ ಗುಲಾಮ ಎದುರಿಗೆ ಬಂದು ನಿಂತಾಗ ಬರೆದದ್ದು ಇದು. ಕೊನೆಗೆ, ನನಗೂ ಒಂದು ಕೋಣೆ ಸಿದ್ಧಮಾಡಿಡು, ನಾನು ಬರುತ್ತೇನೆಂಬ ನಿರೀಕ್ಷೆಯಿದೆ ಎಂದು ಸೇರಿಸುತ್ತಾನೆ. ಒನೇಸಿಮನನ್ನು ಹೇಗೆ ನಡೆಸಿಕೊಂಡರೆಂದು ಕಣ್ಣಾರೆ ನೋಡುವ ಉದ್ದೇಶವೂ ಅದರಲ್ಲಿ ಇತ್ತೆಂದು ನಾನು ತಿಳಿದಿದ್ದೇನೆ, ನಿನಗೆ ಹಾಗನ್ನಿಸುತ್ತದೆಯೋ ನೋಡು. ಈ ಪತ್ರವನ್ನೂ ಗಲಾತ್ಯದ ಮೂರನೆಯ ಅಧ್ಯಾಯವನ್ನೂ ಎದುರುಬದುರು ಇಟ್ಟು ನಾಲ್ಕು ಪುಟ ಬರೆ. ಬಾದ್ಯೂ ಪುಸ್ತಕವನ್ನು ಆಮೇಲೆ ತೆಗೆ. ಬರೆದದ್ದನ್ನು ನನಗೂ ಕಳಿಸು, ಓದಿ ಉತ್ತರ ಬರೆಯುತ್ತೇನೆ.